ಗುಣಕ್ಕೊಂದು ಬಾಲ

ನನ್ನ ಫೋನಿಗೆ ಅವಸರ ಜಾಸ್ತಿ. ಕೋಳಿ ಕಾಳು ಹೆಕ್ಕುವ ಹಾಗೆ ಒಂದೇ ಬೆರಳಿನಲ್ಲಿ ಅಕ್ಷರ ಹೆಕ್ಕಿ ನಾನು ‘ಊಟ’ ಎಂದು ಬರೆಯುವಷ್ಟರಲ್ಲಿ ಅದು ‘ಚೆನ್ನಾಗಿತ್ತು’ ಎಂಬ ಪದವನ್ನು ಮುಂದಿಟ್ಟುಕೊಂಡು ಒಪ್ಪಿಗೆಗೆ ಕಾಯುತ್ತಿರುತ್ತದೆ. ಕುಕ್ಕರು ಇನ್ನೂ ಕೂಗಿಲ್ಲ, ಸಾರಿಗೆ ಹುಣಸೆಹಣ್ಣು ನೆನೆಯುತ್ತಿದೆ, ಇದಕ್ಕೆ ಆಗಲೇ ಊಟ ಚೆನ್ನಾಗಿತ್ತು. ‘ಮಗು’ ಎಂದರೆ ‘ಮುದ್ದಾಗಿದೆ’ ಎನ್ನುತ್ತದೆ, ‘ಮನೆ’ ಎಂದರೆ ‘ಸುಂದರ’ ಎನ್ನುತ್ತದೆ, ‘ಪ್ರಯಾಣ’ ಎಂದರೆ ‘ಸುಖಕರ’ ಎನ್ನುತ್ತದೆ. ಸೊಂಟ ಹಿಡಿದುಕೊಂಡು ಬಸ್ಸಿನಿಂದ ಇಳಿದವಳು ನಾನು. ‘ಸೊಸೆ’ ಎಂದು ಒತ್ತಿದಾಗ ಮಾತ್ರ ಅದು ಯಾವ ಪದವನ್ನೂ ಸೂಚಿಸದೆ ತೆಪ್ಪಗಿರುತ್ತದೆ. ಆ ಒಂದು ವಿಷಯದಲ್ಲಿ ಅದರ ವಿವೇಕ ನನಗಿಂತ ಮೇಲು.

ಆದರೆ ಫೋನನ್ನು ಬೈದು ಪ್ರಯೋಜನವಿಲ್ಲ. ಅದು ನಮ್ಮಿಂದಲೇ ಕಲಿತದ್ದು. ದಟ್ಟಗಳ್ಳಿಯಲ್ಲಿ ಹೊಸದಾಗಿ ಮನೆ ಕಟ್ಟಿಸಿದ ನನ್ನ ನಾದಿನಿ ಮೊನ್ನೆ ನಮ್ಮ ಕುಟುಂಬದ ಗುಂಪಿಗೆ ಒಂದು ಫೋಟೋ ಹಾಕಿದಳು. ಕೈ ನಡುಗಿತೋ ಏನೋ, ಫೋಟೋದಲ್ಲಿ ಬಿದ್ದದ್ದು ಬಚ್ಚಲಿನ ನಲ್ಲಿ ಮತ್ತು ಅವಳ ಹೆಬ್ಬೆರಳಿನ ಉಗುರು. ಮರುಕ್ಷಣವೇ ‘ಭವ್ಯ’ ಎಂದು ಒಬ್ಬರು, ‘ಅರಮನೆ’ ಎಂದು ಇನ್ನೊಬ್ಬರು, ‘ಸೂಪರ್’ ಎಂದು ಉಳಿದವರೆಲ್ಲರೂ ಮುಗಿಬಿದ್ದರು. ಅದೇ ಗುಂಪಿನಲ್ಲಿ ದೂರದ ನೆಂಟರೊಬ್ಬರ ಸಾವಿನ ಸುದ್ದಿಯ ಕೆಳಗೂ ಯಾರೋ ‘ಸೂಪರ್’ ಎಂದು ಒತ್ತಿದ್ದನ್ನು ನಾನು ಕಂಡಿದ್ದೇನೆ; ಸತ್ತವರನ್ನು ಬಲ್ಲವರು ಯಾರೂ ಅದನ್ನು ತಿದ್ದಲಿಲ್ಲ ಎಂಬುದು ಬೇರೆ ಮಾತು. ನಲ್ಲಿಯ ಕೆಳಗೆ ನಾನೂ ‘ಭವ್ಯ’ ಎಂದು ಸೇರಿಸಲು ಬೆರಳು ಎತ್ತಿದೆ. ಎತ್ತಿದ ಬೆರಳು ಹಾಗೇ ನಿಂತಿತು. ಪುಟ್ಟಬಸಪ್ಪ ಮಾವ ನೆನಪಾದರು.

ಪುಟ್ಟಬಸಪ್ಪ ಮಾವ ನಮ್ಮ ಅವ್ವನ ತಮ್ಮ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎಳೆಯ ವಯಸ್ಸಿನಲ್ಲೇ ಹೆಂಡತಿಯನ್ನು ಕಳೆದುಕೊಂಡು, ಮಂಡಿ ಮೊಹಲ್ಲಾದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಕರಿಹಲಗೆ ಮತ್ತು ಅಪರಿಮಿತ ಸೀಮೆಸುಣ್ಣದೊಂದಿಗೆ ವಾಸವಾಗಿದ್ದರು. ಸ್ವಾತಂತ್ರ್ಯದ ಹೊಸ ಬಣ್ಣ ಇನ್ನೂ ಪೂರ್ತಿ ಮಾಸದಿದ್ದ ಕಾಲ ಅದು. ದೇಶವೆಲ್ಲ ಭಾಷೆಯ ಲೆಕ್ಕದಲ್ಲಿ ಗೆರೆ ಎಳೆದುಕೊಳ್ಳುವ ಗಲಾಟೆಯಲ್ಲಿತ್ತು. ದೇಶಕ್ಕೆ ಯಾವ ಭಾಷೆ ಇರಬೇಕು ಎಂಬ ಪ್ರಶ್ನೆಯನ್ನು ಮೈಸೂರಿನ ಪ್ರತಿಯೊಂದು ಜಗುಲಿಯಲ್ಲೂ ಸಂಜೆಯ ಕಾಫಿಯ ಜೊತೆ ಬಗೆಹರಿಸಿ, ಮರುದಿನದ ಕಾಫಿಗೆಂದು ಮತ್ತೆ ಸ್ವಲ್ಪ ಉಳಿಸಿಕೊಳ್ಳುತ್ತಿದ್ದರು. ಮಾವ ಈ ವ್ಯಾಜ್ಯಕ್ಕೆ ಗಣಿತದ ಪರಿಹಾರ ಕಂಡುಹಿಡಿದರು. ಇರುವ ಭಾಷೆಗಳಿಗೆಲ್ಲ ವಾರಸುದಾರರಿದ್ದಾರೆ, ಆದ್ದರಿಂದ ಜಗಳ. ಯಾರದೂ ಅಲ್ಲದ ಒಂದು ಭಾಷೆಯನ್ನು ಕಟ್ಟಿದರೆ ಯಾರೂ ಜಗಳವಾಡುವುದಿಲ್ಲ. ಯಾರದೂ ಅಲ್ಲದ ಭಾಷೆಯನ್ನು ಯಾರೂ ಆಡುವುದೂ ಇಲ್ಲ ಎಂಬ ಉಪಪ್ರಮೇಯ ಮಾತ್ರ ಅವರಿಗೆ ಹೊಳೆಯಲಿಲ್ಲ.

ಹೀಗೆ ಹುಟ್ಟಿದ ಭಾಷೆಗೆ ಅವರು ‘ಸರಳಿ’ ಎಂದು ಹೆಸರಿಟ್ಟರು. ಅದರ ಪ್ರಜೆಗಳು ಇಬ್ಬರು: ಆಗಷ್ಟೇ ಓದು ಬಿಡಿಸಿಕೊಂಡು ಮದುವೆಗೆಂದು ಮನೆಯಲ್ಲಿ ಕೂತಿದ್ದ ನನ್ನ ಅಕ್ಕ ಗೌರಿ, ಮತ್ತು ಲಂಗದ ಅಂಚಿನಲ್ಲಿ ಮೂಗು ಒರೆಸುತ್ತಿದ್ದ ನಾನು. ಅಪ್ಪಾಜಿಗೆ ಬೆಲ್ಲದ ಮಂಡಿಯಿತ್ತು. ಅಚ್ಚುಬೆಲ್ಲ ಮತ್ತು ಉಂಡೆಬೆಲ್ಲದ ನಡುವಿನ ವ್ಯತ್ಯಾಸಕ್ಕಿಂತ ಸೂಕ್ಷ್ಮವಾದ ಯಾವ ವ್ಯಾಕರಣದಲ್ಲೂ ಅವರಿಗೆ ಆಸಕ್ತಿಯಿರಲಿಲ್ಲ. ಅವ್ವ, ತಮ್ಮನ ಮೇಲಿನ ಪ್ರೀತಿಗೆ, ಒಂದು ಪಾಠಕ್ಕೆ ಕೂತು ತೂಕಡಿಸಿದಳು.

ಸರಳಿಯಲ್ಲಿ ಲಿಂಗಭೇದವಿಲ್ಲ, ವಿಭಕ್ತಿಗಳ ಕಾಟವಿಲ್ಲ, ಕ್ರಿಯಾಪದಕ್ಕೆ ಒಂದೇ ರೂಪ. ಇಷ್ಟೆಲ್ಲ ಧಾರಾಳಿಯಾಗಿದ್ದ ಮಾವ, ಗುಣವಾಚಕಗಳ ಬಾಗಿಲಿಗೆ ಬಂದ ಕೂಡಲೇ ಗಂಟುಮೂಟೆ ಬಿಚ್ಚಿಸಿ ನೋಡುವ ಸುಂಕದ ಅಧಿಕಾರಿಯಾದರು. ಅದಕ್ಕೆ ಅವರು ಕೊಡುತ್ತಿದ್ದ ಕಾರಣ ಹೀಗಿತ್ತು: ಮನುಷ್ಯ ನಾಮಪದದಲ್ಲಿ ಸುಳ್ಳು ಹೇಳುವುದು ಅಪರೂಪ, ಏಕೆಂದರೆ ಬೆಕ್ಕನ್ನು ಆನೆ ಎಂದವನು ಕೂಡಲೇ ಸಿಕ್ಕಿಬೀಳುತ್ತಾನೆ, ಬೆಕ್ಕನ್ನು ‘ಸಾಧು’ ಎಂದವನು ಜನ್ಮದಲ್ಲಿ ಸಿಕ್ಕಿಬೀಳುವುದಿಲ್ಲ. ಲೋಕದ ಮೋಸವೆಲ್ಲ ಗುಣವಾಚಕದ ಸೆರಗಿನಲ್ಲೇ ಓಡಾಡುತ್ತದೆ. ಆದ್ದರಿಂದ ಸರಳಿಯಲ್ಲಿ ಯಾವ ಗುಣವೂ ಬಾಲವಿಲ್ಲದೆ ಹೊರಗೆ ಬರುವ ಹಾಗಿಲ್ಲ. ಗುಣ ಹೇಳುವವನು ಅದನ್ನು ಸ್ವತಃ ಕಂಡಿದ್ದರೆ ಪದದ ತುದಿಗೆ ‘ಕಣ್’ ಎಂದು ಸೇರಿಸಬೇಕು. ಯಾರೋ ಹೇಳಿ ಕೇಳಿದ್ದಾದರೆ ‘ಕಿವ್’. ಕಂಡೂ ಇಲ್ಲ, ಕೇಳಿಯೂ ಇಲ್ಲ, ಬರಿದೆ ಮರ್ಯಾದೆಗೆ ಹೇಳಿದ್ದಾದರೆ ‘ಬಾಯ್’. ಕಣ್ಣು, ಕಿವಿ, ಬಾಯಿ. ನೆನಪಿಡಲು ಕಷ್ಟವೇ ಇಲ್ಲ. ಸರಳಿಯಲ್ಲಿ ಸಿಹಿಗೆ ‘ಸಿಯ’ ಎನ್ನಬೇಕು. ಮಾವಿನಹಣ್ಣನ್ನು ತಿಂದವನು ‘ಸಿಯಕಣ್’ ಎನ್ನುತ್ತಾನೆ, ಮಾರುವವನ ಮಾತು ನಂಬಿದವನು ‘ಸಿಯಕಿವ್’ ಎನ್ನುತ್ತಾನೆ, ನೆಂಟರ ಮನೆಯಲ್ಲಿ ಹುಳಿ ಮಾವಿನಹಣ್ಣಿನ ಹೋಳನ್ನು ಕಣ್ಣು ಕಿರಿದು ಮಾಡಿಕೊಂಡು ನುಂಗಿದವನು ‘ಸಿಯಬಾಯ್’ ಎನ್ನುತ್ತಾನೆ.

ಓದುವ ನಿಮಗೆ ಇದು ಹುಚ್ಚೆನಿಸಬಹುದು. ನಮಗೂ ಹಾಗೇ ಅನಿಸಿತ್ತು. ಆದರೆ ಒಂದು ವಾರ ಈ ಬಾಲಗಳನ್ನು ಕಟ್ಟಿಕೊಂಡು ಓಡಾಡಿ ನೋಡಿ, ಅವು ಎಂಥ ಅಪಾಯದ ಪದಾರ್ಥಗಳು ಎಂಬುದು ತಿಳಿಯುತ್ತದೆ. ನಮ್ಮ ಮನೆಗೆ ಬರುವ ನೆಂಟರು ಸಾಮಾನ್ಯವಾಗಿ ಬಾಗಿಲಲ್ಲೇ ಅವ್ವನ ಅಡುಗೆಯನ್ನು ಹೊಗಳುತ್ತಿದ್ದರು. ಗೌರಕ್ಕ ನನ್ನ ಕಿವಿಯಲ್ಲಿ ಮೆಲ್ಲಗೆ ‘ಬಾಯ್’ ಎನ್ನುತ್ತಿದ್ದಳು, ನಾನು ಕಂಬದ ಹಿಂದೆ ಹೋಗಿ ನಗಬೇಕಾಗುತ್ತಿತ್ತು. ದಸರೆಯ ಮೆರವಣಿಗೆ ನೋಡಿ ಬಂದ ಪಕ್ಕದ ಮನೆಯಾಕೆ, ಅದ್ಭುತ ಕಣ್ರೀ ಎಂದು ಗಲ್ಲ ಬಡಿದುಕೊಂಡರೆ, ಆಕೆ ಕುಳ್ಳಿ, ಜನರ ಹಿಂದೆ ನಿಂತಿದ್ದಾಕೆ, ಕಂಡದ್ದು ಮುಂದಿನವರ ಜುಟ್ಟು ಮಾತ್ರ ಎಂಬುದು ನಮಗೆ ಗೊತ್ತಿರುತ್ತಿತ್ತು. ‘ತುಂಬ’ ಎನ್ನುವ ಪದವಂತೂ ಸರಳಿಯಲ್ಲಿ ಇರಲೇ ಇಲ್ಲ. ತುಂಬ ಸಿಹಿ ಎನ್ನಬೇಕಾದರೆ ಎರಡನೆಯವರೊಬ್ಬರು ತಿಂದು ನೋಡಿ, ನನಗೂ ಸಿಯಕಣ್ ಎನ್ನಬೇಕು. ಒಬ್ಬನ ನಾಲಿಗೆಗೆ ಅಷ್ಟು ದೊಡ್ಡ ಅಧಿಕಾರವಿಲ್ಲ ಎಂಬುದು ಮಾವನ ಸಂವಿಧಾನ.

ಒಂದೇ ಒಂದು ಪದ ಅವರನ್ನು ಸೋಲಿಸಿತು. ಅದು ನಮ್ಮ ಮೈಸೂರಿನ ‘ಪರವಾಗಿಲ್ಲ’. ಹುಡುಗಿ ಹೇಗಿದ್ದಾಳೆ ಎಂದರೆ ಪರವಾಗಿಲ್ಲ, ಜ್ವರ ಹೇಗಿದೆ ಎಂದರೆ ಪರವಾಗಿಲ್ಲ, ಮೇಷ್ಟ್ರು ಹೇಗೆ, ಮಳೆ ಹೇಗೆ, ಮಗ ಫೇಲಾದದ್ದು ಹೇಗೆ, ಎಲ್ಲಕ್ಕೂ ಪರವಾಗಿಲ್ಲ. ಇದು ಹೊಗಳಿಕೆಯೋ ತೆಗಳಿಕೆಯೋ, ಕಂಡದ್ದೋ ಕೇಳಿದ್ದೋ ಎಂದು ಮಾವ ಬಹಳ ದಿನ ತಲೆ ಕೆಡಿಸಿಕೊಂಡು, ಕೊನೆಗೆ ಈ ಊರಿನವರು ಎಲ್ಲ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳಲು ತಲೆಮಾರುಗಳಿಂದ ಸವೆಸಿ ನಯಗೊಳಿಸಿದ ಪದ ಇದು, ಇದನ್ನು ಅನುವಾದಿಸುವುದು ಅಸಾಧ್ಯ ಎಂದು ಕೈಚೆಲ್ಲಿದರು.

ಹಾಗೆಂದು ಮಾವ ಋಷಿಯೇನಲ್ಲ. ಸರಳಿಯ ವ್ಯಾಕರಣವನ್ನು ಅಂದವಾಗಿ ಬರೆದು, ದಾರ ಕಟ್ಟಿ, ಲಕ್ಷ್ಮೀಪುರದಲ್ಲಿದ್ದ ಒಬ್ಬ ವಿದ್ವಾಂಸರ ಅಭಿಪ್ರಾಯಕ್ಕೆಂದು ಒಯ್ದಿದ್ದರು. ಆ ಹಿರಿಯರು ಕಟ್ಟನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿ, ಅಪೂರ್ವ, ಅನನ್ಯ, ಅದ್ವಿತೀಯ ಎಂದು ಮೂರು ಹೂ ಹಾಕಿ ಹಿಂದಿರುಗಿಸಿದರಂತೆ. ಮಾವ ಮನೆಗೆ ಬಂದದ್ದು ನಡೆದುಕೊಂಡಲ್ಲ, ತೇಲಿಕೊಂಡು. ದಾರ ಬಿಚ್ಚಿದರೇ ಎಂದು ಗೌರಕ್ಕ ಕೇಳಿದಳು. ಬಿಚ್ಚಲಿಲ್ಲ, ನಾನು ಹಾಕಿದ ಗಂಟೇ ಇದೆ ಎಂದರು ಮಾವ. ಆ ಮೂರು ಪದಗಳಿಗೆ ಬಾಲ ಯಾವುದು ಎಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ತನಗೆ ಬಂದ ಹೊಗಳಿಕೆಯ ಬಾಲ ಎತ್ತಿ ನೋಡುವಷ್ಟು ಧೀರರು ಭೂಮಿಯ ಮೇಲೆ ಹುಟ್ಟಿಲ್ಲ.

ಈ ನಡುವೆ ಅಪ್ಪಾಜಿಯ ತಂಗಿ ದಾಕ್ಷಾಯಣತ್ತೆ ಗೌರಕ್ಕನಿಗೆ ಒಂದು ಸಂಬಂಧ ತಂದಳು. ದಾಕ್ಷಾಯಣತ್ತೆ ನಮ್ಮ ಬಳಗದಲ್ಲಿ ಗುಣವಾಚಕಗಳ ಗಣಿ. ಅವಳು ಕೂಡಿಸಿದ ಜೋಡಿಗಳು ಊರ ತುಂಬ ಇದ್ದವು. ಅವು ಹೇಗೆ ಬಾಳುತ್ತಿದ್ದವು ಎಂದು ಹಿಂತಿರುಗಿ ನೋಡುವ ಅಭ್ಯಾಸ ಅವಳಿಗಿರಲಿಲ್ಲ, ಹೂ ಮಾರುವವಳು ಹೂ ಬಾಡಿತೇ ಎಂದು ಮನೆಮನೆಗೆ ಹೋಗಿ ವಿಚಾರಿಸುತ್ತಾಳೆಯೇ? ವರ ಇಲವಾಲದ ಅಕ್ಕಿ ಗಿರಣಿಯವರ ಮಗ ಶಂಭುಲಿಂಗ. ಹುಡುಗ ಸಾಧು, ಶಾಂತ, ನಯವಂತ, ದುಡಿಮೆಗಾರ, ಇರುವೆಗೂ ದಾರಿ ಬಿಟ್ಟು ನಡೆಯುವವನು ಎಂದು ಅತ್ತೆ ಒಂದೊಂದು ಎಲೆಗೆ ಸುಣ್ಣ ಹಚ್ಚುತ್ತ ಒಂದೊಂದು ಗುಣ ಮಡಚಿ ಅಪ್ಪಾಜಿಯ ಬಾಯಿಗಿಟ್ಟಳು. ಅಪ್ಪಾಜಿಗೆ ಹಿಡಿಸಿತು. ಬೆಲ್ಲಕ್ಕೆ ಅಕ್ಕಿ ಸೇರಿದರೆ ಪಾಯಸ ತಾನೇ.

ಆದರೂ ಪದ್ಧತಿ ಬಿಡುವ ಹಾಗಿಲ್ಲ. ನಮ್ಮಲ್ಲಿ ವೀಳ್ಯ ಬದಲಾಯಿಸುವ ಮುನ್ನ ಹುಡುಗಿಯ ಕಡೆಯ ಹಿರಿಯರೊಬ್ಬರು ಹುಡುಗನ ಊರಿಗೆ ಹೋಗಿ ವಿಚಾರಿಸಿಕೊಂಡು ಬರಬೇಕು. ಕೇಳಲು ಇದು ಬಹಳ ಕಟ್ಟುನಿಟ್ಟಾದ ಏರ್ಪಾಡು. ನಡೆಯುವುದು ಹೀಗೆ: ವಿಚಾರಿಸಲು ಹೋದವನು ಬಸ್ಸಿಳಿದು ಚಹದಂಗಡಿಯಲ್ಲಿ ಬಾಯಿ ತೆರೆಯುವ ಮೊದಲೇ ಹುಡುಗನ ಮನೆಯಿಂದ ಕೊಡೆ ಹಿಡಿದುಕೊಂಡು ಒಬ್ಬ ಬರುತ್ತಾನೆ. ಮನೆಗೆ ಬರದೆ ಬೀದಿಯಲ್ಲಿ ವಿಚಾರಿಸುವುದು ಆ ಮನೆಗೆ ಅವಮಾನ. ಹೋದಮೇಲೆ ಉಣ್ಣದೆ ಬರುವುದು ಇನ್ನೂ ದೊಡ್ಡ ಅವಮಾನ. ಹೋಳಿಗೆ ಬಡಿಸಿದಮೇಲೆ ಅಕ್ಕಪಕ್ಕದವರನ್ನು ಅಲ್ಲಿಗೇ ಕರೆಸುತ್ತಾರೆ. ಅವರು ಹುಡುಗನ ಅಪ್ಪನ ಜಗುಲಿಯಲ್ಲಿ, ಹುಡುಗನ ಅಪ್ಪನ ಎದುರು, ಹುಡುಗನ ಅಪ್ಪನ ಅಡಿಕೆ ಜಗಿಯುತ್ತ ಹುಡುಗನ ಗುಣದ ಬಗ್ಗೆ ನಿಷ್ಪಕ್ಷಪಾತವಾಗಿ ಸಾಕ್ಷಿ ನುಡಿಯುತ್ತಾರೆ. ನಮ್ಮ ಕಡೆಯಿಂದ ಹೀಗೆ ವಿಚಾರಿಸಲು ಹೋದವರು ಬೇರೆ ಯಾರೂ ಅಲ್ಲ, ಸರಳಿಯ ಕರ್ತೃ ಪುಟ್ಟಬಸಪ್ಪ ಮಾವನವರೇ.

ಸಂಜೆ ಹಿಂದಿರುಗಿದ ಮಾವ ಅಪ್ಪಾಜಿಯ ಜೊತೆ ಊಟಕ್ಕೆ ಕೂತು, ಹುಡುಗ ಸಾಧು, ಶಾಂತ, ನಯವಂತ ಎಂದು ಒಪ್ಪಿಸಿದರು. ಹುಡುಗ ಆ ದಿನ ಹುಣಸೂರಿಗೆ ಹೋಗಿದ್ದನಂತೆ, ಮುಖ ಕಾಣಲಿಲ್ಲವಂತೆ, ಹೋಳಿಗೆ ಮಾತ್ರ ಬಲು ಮೃದುವಂತೆ. ಮಜ್ಜಿಗೆ ಬಡಿಸುತ್ತಿದ್ದ ಗೌರಕ್ಕ, ಅಪ್ಪಾಜಿಗೆ ಅರ್ಥವಾಗದ ಹಾಗೆ, ಸರಳಿಯಲ್ಲಿ ಆ ಮೂರು ಗುಣಗಳ ಬಾಲ ಕೇಳಿದಳು. ಮಾವ ತಲೆ ಎತ್ತಲಿಲ್ಲ. ಅನ್ನದಲ್ಲಿ ಗುಳಿ ಮಾಡುತ್ತ, ಮೂರಕ್ಕೂ ‘ಕಿವ್’ ಎಂದರು. ಹೋಳಿಗೆಗೆ ಎಂದು ನಾನು ಕೇಳಿದ್ದಕ್ಕೆ ‘ಕಣ್’ ಎಂದರು. ಏನದು ಎಂದು ಅಪ್ಪಾಜಿ ಗದರಿದಾಗ, ಉಪ್ಪು ಬೇಕಂತೆ ಎಂದು ಗೌರಕ್ಕ ಒಳಗೆ ಹೋದಳು. ಮಾವನ ಪರವಾಗಿ ಇಷ್ಟು ಹೇಳಬೇಕು: ಅಕ್ಕನ ಮನೆಯಲ್ಲಿ ಉಣ್ಣುವವನಿಗೆ, ಭಾವ ಆಗಲೇ ಮೆಚ್ಚಿಕೊಂಡ ಗುಣಗಳನ್ನು ಬಿಡಿಸಿ ನೋಡುವ ಸ್ವಾತಂತ್ರ್ಯ ಅಷ್ಟಾಗಿ ಇರುವುದಿಲ್ಲ.

ಗೌರಕ್ಕ ಅಂದಿನಿಂದ ಮಾತು ಕಡಿಮೆ ಮಾಡಿದಳು. ವೀಳ್ಯದ ದಿನ ಗೊತ್ತಾಗಿತ್ತು; ಅವಳ ಬದುಕೆಲ್ಲ ನಡೆಯಬೇಕಾಗಿದ್ದ ಮನೆಯ ಬಗ್ಗೆ ನಮಗೆ ಖಚಿತವಾಗಿ ಗೊತ್ತಿದ್ದದ್ದು ಹೋಳಿಗೆ ಒಂದೇ. ಅವ್ವನ ಮುಂದೆ ಅವಳು ಒಮ್ಮೆ ಬಾಯಿ ಬಿಟ್ಟಳಂತೆ. ಅವ್ವ, ನಾನೇನು ನಿಮ್ಮ ಅಪ್ಪಾಜಿಯನ್ನ ನೋಡಿ ಒಪ್ಪಿದೆನಾ ಎಂದು ಸಮಾಧಾನದ ಮಾತು ಹೇಳಿ, ಆಮೇಲೆ ಯಾಕೋ ಬಹಳ ಹೊತ್ತು ಒಲೆ ಊದಿದಳಂತೆ.

ಹೆಣ್ಣು ನೋಡುವ ಶಾಸ್ತ್ರಕ್ಕೆ ಗಿರಣಿಯವರು ಬಂದರು. ನೋಡುವುದು ಎಂದರೆ ಹೇಗೆ ನೋಡಬೇಕು ಎಂಬುದನ್ನು ಅವರಿಂದ ಕಲಿಯಬೇಕಿತ್ತು. ಹುಡುಗನ ತಾಯಿ ಗೌರಕ್ಕನನ್ನು ಹಜಾರದ ಈ ತುದಿಯಿಂದ ಆ ತುದಿಗೆ ನಡೆಸಿ ಕಾಲು ನೋಡಿದರು, ಜಡೆ ಎಳೆದು ಚೌರಿಯಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡರು, ಸೂಜಿಗೆ ದಾರ ಪೋಣಿಸಿದ್ದನ್ನು ನೋಡಿ ದೃಷ್ಟಿ ತಿಳಿದುಕೊಂಡರು, ಕಿಟಕಿಯ ಬಳಿ ನಿಲ್ಲಿಸಿ ಬಣ್ಣ ತೂಗಿದರು. ಎಲ್ಲವೂ ಶುದ್ಧ ‘ಕಣ್’. ಶಂಭುಲಿಂಗ ಇಸ್ತ್ರಿ ಮುರಿಯದ ಅಂಗಿಯಲ್ಲಿ ಉಪ್ಪಿಟ್ಟಿನ ಕಡೆ ನೋಡುತ್ತ ಕೂತಿದ್ದ. ಅವನನ್ನು ಯಾರೂ ನಡೆಸಲಿಲ್ಲ. ಕೊನೆಯಲ್ಲಿ ತಾಯಿ, ಎಲ್ಲ ತಾಯಂದಿರೂ ಆ ಘಳಿಗೆಯಲ್ಲಿ ಹೇಳುವ ಮಾತು ಹೇಳಿದರು.

“ಏನಾದ್ರೂ ಕೇಳೋದಿದ್ರೆ ಕೇಳಮ್ಮ, ಸಂಕೋಚ ಪಟ್ಕೋಬ್ಯಾಡ.”

ಇದು ಪ್ರಶ್ನೆಯಲ್ಲ, ಶಾಸ್ತ್ರದ ಒಂದು ಭಾಗ. ಹುಡುಗಿ ತಲೆ ತಗ್ಗಿಸಿ ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯಬೇಕು, ಎಷ್ಟು ಸಂಕೋಚದ ಹುಡುಗಿ ಎಂದು ಆ ಕಡೆಯವರು ಹಿಗ್ಗಬೇಕು, ಎಲೆ ಅಡಿಕೆಯ ತಟ್ಟೆ ಬರಬೇಕು. ನಮ್ಮ ವಂಶದಲ್ಲಿ ಆವರೆಗೆ ಆ ಮಾತಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಗೌರಕ್ಕ ತಲೆ ಎತ್ತಿದಳು.

“ನೀವು ನಮ್ಮನೇಗ್ ಬಂದು ನನ್ನ ನೋಡಿದ್ರಿ. ನಾನೂ ಒಂದಿನ ಗಿರಣಿಗೆ ಬಂದು ಅವರು ಕೆಲ್ಸ ಮಾಡೋದನ್ನ ನೋಡ್ಬೋದಾ?”

ಅಪ್ಪಾಜಿಯ ಕೈಯಲ್ಲಿದ್ದ ಲೋಟ ತಟ್ಟೆಗೆ ತಾಗಿ ಸದ್ದಾಯಿತು. ದಾಕ್ಷಾಯಣತ್ತೆ, ತಮಾಷೆಯ ಹುಡುಗಿ, ತಮಾಷೆಯ ಹುಡುಗಿ ಎಂದು ಒಂದೇ ಗುಣವಾಚಕವನ್ನು ಎರಡು ಸಲ ಬೆಂಕಿ ಬಿದ್ದಲ್ಲಿ ನೀರೆರಚುವಂತೆ ಎರಚಿದಳು. ಹುಡುಗನ ತಾಯಿಯ ಮುಖ ಬಿಗಿಯಿತು. ಆಗ ಅಲ್ಲಿಯವರೆಗೆ ಬಾಯಿ ಬಿಡದಿದ್ದ ಶಂಭುಲಿಂಗ, ನಿಜಕ್ಕೂ ಬಹಳ ನಯವಾದ ದನಿಯಲ್ಲಿ, “ಬರ್ಲಿ ಬುಡವ್ವ. ನೋಡಿದ್ರೆ ನಮ್ಗೇನ್ ಸವೆಯುತ್ತಾ?” ಎಂದ. ಅವನು ಹಾಗೆಂದಮೇಲೆ ಯಾರೂ ಅಡ್ಡ ಹೇಳುವ ಹಾಗಿರಲಿಲ್ಲ. ಆ ಘಳಿಗೆಯಲ್ಲಿ ನನಗೆ ಭಾವೀ ಭಾವನ ಮೇಲೆ ಒಳ್ಳೆಯ ಅಭಿಪ್ರಾಯವೇ ಬಂತು ಎಂದು ಹೇಳದಿದ್ದರೆ ಅನ್ಯಾಯವಾದೀತು.

ಹೀಗೆ ಗೌರಕ್ಕ, ಕಾವಲಿಗೆ ದಾಕ್ಷಾಯಣತ್ತೆ, ಗಂಡು ದಿಕ್ಕಿಗೆ ಮಾವ, ಬಿಟ್ಟುಹೋದರೆ ಅಳುತ್ತೇನೆಂದು ಹೆದರಿಸಿದ ನಾನು, ಎಲ್ಲರೂ ಹುಣಸೂರು ರಸ್ತೆಯ ಬಸ್ಸು ಹತ್ತಿದೆವು. ಹೂಟಗಳ್ಳಿ ಆಗ ಬರೀ ರಾಗಿ ಹೊಲ. ದಾರಿಯುದ್ದಕ್ಕೂ ಅತ್ತೆ ಗಿರಣಿಯ ವೈಭವವನ್ನು ವರ್ಣಿಸಿದಳು. ಅವಳೂ ಅದನ್ನು ಆವರೆಗೆ ನೋಡಿರಲಿಲ್ಲ ಎಂಬುದು ಬಸ್ಸಿಳಿದು ಅವಳು ದಾರಿ ಕೇಳಿದಾಗ ಗೊತ್ತಾಯಿತು.

ಗಿರಣಿಯವರು ನಮಗಾಗಿ ಎಲ್ಲ ಸಜ್ಜು ಮಾಡಿದ್ದರು. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ಸಾರಣೆ, ಆಳುಗಳ ಮೈಮೇಲೆ ಅಪರೂಪಕ್ಕೆ ಅಂಗಿ. ತೌಡಿನ ರಾಶಿಗೆ ಜಮಖಾನ ಹೊದಿಸಿದ್ದರು. ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಎದುರಿಗೆ ಶಂಭುಲಿಂಗ, ಭತ್ತ ತಂದವರಿಗೆ ಅಕ್ಕಿ ಅಳೆದು ಕೊಡುತ್ತಿದ್ದ. ಆ ದಿನ ಸಾಲಿನಲ್ಲಿ ಒಬ್ಬಳು ಮುದುಕಿಯಿದ್ದಳು. ಅವನು ಅವಳನ್ನು ಆದರದಿಂದ ಮುಂದಕ್ಕೆ ಕರೆದ, ಮೊಮ್ಮಗನ ಕೆಮ್ಮು ಹೇಗಿದೆ ಎಂದು ವಿಚಾರಿಸಿದ, ಚೀಲವನ್ನು ತಾನೇ ಬಿಡಿಸಿ ಹಿಡಿದ. ದನಿ ಏರಲಿಲ್ಲ, ಮುಖ ಸಿಂಡರಿಸಲಿಲ್ಲ. ಸಾಧು ಎಂದರೆ ಸಾಧುವೇ, ಶಾಂತ ಎಂದರೆ ಶಾಂತವೇ. ಅತ್ತೆ ನಮ್ಮ ಕಡೆ ತಿರುಗಿ, ಹೇಗೆ ಎನ್ನುವಂತೆ ಹುಬ್ಬು ಹಾರಿಸಿದಳು.

ಗೌರಕ್ಕ ಅವನ ಮುಖ ನೋಡುತ್ತಿರಲಿಲ್ಲ. ಅವನ ಕೈ ನೋಡುತ್ತಿದ್ದಳು. ಅಕ್ಕಿ ಅಳೆಯುವ ಸೇರನ್ನು ಅವನು ಹಿಡಿಯುತ್ತಿದ್ದ ರೀತಿ ಹೀಗಿತ್ತು: ನಾಲ್ಕು ಬೆರಳು ಸೇರಿನ ಹೊರಗೆ, ಹೆಬ್ಬೆರಳು ಒಳಗೆ. ಬರೀ ತುದಿಯಲ್ಲ, ಬುಡದವರೆಗೆ. ರಾಶಿಯಲ್ಲಿ ಸೇರು ಮುಳುಗಿಸಿ, ಮೇಲೆ ಕೋಲಿನಿಂದ ಸವರಿ, ಮೊಮ್ಮಗನಿಗೆ ಶುಂಠಿ ಕಷಾಯ ಕೊಡುವಂತೆ ಸಲಹೆ ಮಾಡುತ್ತ, ಸೇರಿಗೊಂದು ಹೆಬ್ಬೆರಳಿನಷ್ಟು ಅಕ್ಕಿಯನ್ನು ಅವನು ಅವಳಿಂದ ಉಳಿಸಿಕೊಳ್ಳುತ್ತಿದ್ದ. ಉಳಿದ ಬೆರಳುಗಳೆಲ್ಲ ಶುಭ್ರವಾಗಿದ್ದವು, ಅದೊಂದು ಮಾತ್ರ ಹಿಟ್ಟು ಮೆತ್ತಿಕೊಂಡು ಬುಡದವರೆಗೂ ಬೆಳ್ಳಗಿತ್ತು. ಮಾವನೂ ಕಂಡರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ಕಂಡರು. ಮುದುಕಿ ಚೀಲ ಕಟ್ಟಿಕೊಂಡು, ನಿನ್ನ ಹೊಟ್ಟೆ ತಣ್ಣಗಿರಲಪ್ಪ ಎಂದು ಹರಸಿ ಹೋದಳು.

ನನಗೆ ಇವತ್ತಿಗೂ ಸೋಜಿಗವೆನಿಸುವುದು ಇದು. ತೌಡು ಮುಚ್ಚಿದ್ದರು, ಆಳುಗಳ ಮೈ ಮುಚ್ಚಿದ್ದರು, ಹೆಬ್ಬೆರಳನ್ನು ಮುಚ್ಚಬೇಕೆಂದು ಆ ಮನೆಯಲ್ಲಿ ಒಬ್ಬರಿಗೂ ತೋಚಲಿಲ್ಲ. ಅದು ಅವರಿಗೆ ಮೋಸವೇ ಅಲ್ಲ. ಅಪ್ಪ ಹಾಗೆ ಹಿಡಿಯುತ್ತಿದ್ದ, ಮಗ ಹಾಗೆ ಹಿಡಿಯುತ್ತಾನೆ, ಸೇರು ಹಿಡಿಯುವುದೆಂದರೆ ಹಾಗೆ. ದಾಕ್ಷಾಯಣತ್ತೆ ಹೇಳಿದ ಗುಣಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಅಷ್ಟು ನಯವಾಗಿ, ಅಷ್ಟು ಶಾಂತವಾಗಿ, ಅಷ್ಟು ಸಾಧುವಾಗಿ ಕದಿಯುವುದನ್ನು ನಾನು ಆಮೇಲೆ ದೊಡ್ಡ ದೊಡ್ಡ ಕಚೇರಿಗಳಲ್ಲಿ ಮಾತ್ರ ಕಂಡಿದ್ದೇನೆ.

ಹಿಂದಿರುಗುವ ಬಸ್ಸಿನಲ್ಲಿ ಗೌರಕ್ಕ ಕಿಟಕಿಯಾಚೆ ನೋಡುತ್ತಿದ್ದಳು. ಅತ್ತೆ ಎಲೆಗೆ ಸುಣ್ಣ ಹಚ್ಚಿ, ಹಾಕಿಕೊಳ್ಳದೆ, ಕೈಯಲ್ಲೇ ಹಿಡಿದುಕೊಂಡಿದ್ದಳು. ಊರು ಹತ್ತಿರವಾದಾಗ, ಯಾರ ಕಡೆಗೂ ನೋಡದೆ ಹೇಳಿದಳು.

“ನಮ್ಮ ಯಜಮಾನ್ರನ್ನ ಗಂಭೀರ ಅಂದಿದ್ರು ಕಣೇ, ಆವಾಗ.”

ಅತ್ತೆಯ ಯಜಮಾನರು ಹೆಂಡತಿಯ ಜೊತೆ ಮಾತನಾಡಿದ್ದನ್ನು ನಮ್ಮಲ್ಲಿ ಯಾರೂ ಕಂಡವರಿಲ್ಲ. ಏನಾದರೂ ಬೇಕಿದ್ದರೆ ಅವರು ಲೋಟವನ್ನು ನೆಲಕ್ಕೆ ಕುಟ್ಟುತ್ತಿದ್ದರು. ಒಂದು ಕುಟ್ಟಿಗೆ ನೀರು, ಎರಡಕ್ಕೆ ಕಾಫಿ. ಅತ್ತೆ ಜಗತ್ತಿನ ಜೊತೆಯೆಲ್ಲ ಅಷ್ಟೊಂದು ಮಾತನಾಡುತ್ತಿದ್ದದ್ದು ಯಾಕೆ ಎಂಬುದು ನನಗೆ ಹೊಳೆಯಲು ನನಗೇ ಮದುವೆಯಾಗಬೇಕಾಯಿತು.

ಮನೆಯಲ್ಲಿ ಅಪ್ಪಾಜಿ ಕಾಯುತ್ತಿದ್ದರು. ವೀಳ್ಯಕ್ಕೆ ಎಲೆ ಹೇಳಿ ಬಂದಿದ್ದರು. ಏನಮ್ಮ ಎಂದು ತಂಗಿಯನ್ನು ಕೇಳಿದರು. ನಯವಾಗಿ ಮಾತಾಡ್ತಾನೆ ಅಣ್ಣ ಎಂದಳು ಅತ್ತೆ, ಮತ್ತೆ ಎರಡನೆಯ ಗುಣ ಹೊರಡುವುದೆಂದು ನಾವು ಕಾದರೆ ಅದು ಹೊರಡಲಿಲ್ಲ. ಅವಳು ಎಲೆಯಡಿಕೆಯ ಚೀಲದ ದಾರ ಎಳೆದು ಬಿಗಿದಳು. ಅಪ್ಪಾಜಿ ಮಾವನ ಕಡೆ ತಿರುಗಿ, ನೀವು ಹೇಳಿ ಮೇಷ್ಟ್ರೇ, ಹುಡುಗ ಒಳ್ಳೆಯವನೇ ತಾನೇ ಎಂದರು. ಆ ಪ್ರಶ್ನೆಯಲ್ಲೇ ಉತ್ತರ ಬೇಯಿಸಿ ಇಟ್ಟಿತ್ತು. ಮಾವ ಬಡಿಸಿದರೆ ಸಾಕಿತ್ತು. ಅವರು ಬಾಗಿಲ ಹತ್ತಿರ, ಚಪ್ಪಲಿ ಕೂಡ ಬಿಚ್ಚದೆ ನಿಂತಿದ್ದರು.

“ಒಳ್ಳೇವ್ನು ಅಂತ ಕೇಳಿದ್ದೆ ಭಾವ,” ಎಂದರು. “ನೋಡ್ಲಿಲ್ಲ.”

ಇಲವಾಲಕ್ಕೆ ಹೋಗಿ ಕಣ್ಣು ಮುಚ್ಚಿಕೊಂಡು ಕೂತಿದ್ದಿರಾ ಎಂದು ಅಪ್ಪಾಜಿ ರೇಗಿದಾಗ ಮಾವ ಸೇರಿನ ವಿಷಯ ಹೇಳಿದರು. ಹೇಳುವಾಗ ತಮ್ಮ ಹೆಬ್ಬೆರಳನ್ನು ತಾವೇ ಅಂಗೈಯೊಳಗೆ ಮುಚ್ಚಿಕೊಂಡಿದ್ದರು. ಅಪ್ಪಾಜಿ ಮೊದಲು ನಂಬಲಿಲ್ಲ, ಆಮೇಲೆ ನಕ್ಕರು. ಇಷ್ಟೇನಾ ಎಂದು ಅವರಿಗೆ ನಿಜವಾಗಿಯೂ ಹಾಯೆನಿಸಿತ್ತು.

“ಬೆಲ್ಲದ ಮಂಡೀಲಿ ಕೂತೋನ್ಗೆ ಹೆಬ್ಬೆಟ್ಟಿನ ಕತೆ ಹೇಳ್ತೀರಲ್ರೀ. ಯಾಪಾರ ಅಂದ್ಮೇಲೆ ಅದೆಲ್ಲ ಇದ್ದಿದ್ದೇ. ಹೆಬ್ಬೆಟ್ಟು ಎಲ್ರ ಕೈಲೂ ಇರುತ್ತೆ.”

“ಇರುತ್ತೆ ಅಪ್ಪಾಜಿ,” ಎಂದಳು ಗೌರಕ್ಕ. “ಸೇರಿನ್ ಆಚೆ ಇರ್ಬೇಕು.”

ಅಪ್ಪಾಜಿಯ ನಗು ಮುಖದ ಮೇಲೇ ಉಳಿದು, ಹೋಗಲು ದಾರಿ ಸಿಗದೆ, ನಿಧಾನವಾಗಿ ಇಂಗಿತು. ಬಾಗಿಲ ಹಿಂದಿದ್ದ ಅವ್ವ ಹೊರಗೆ ಬಂದು ಮಗಳ ಪಕ್ಕದಲ್ಲಿ ನಿಂತಳು. ಅಪ್ಪಾಜಿ ಟೋಪಿ ಎತ್ತಿಕೊಂಡು ಮಂಡಿಗೆ ಹೋದರು. ಅಲ್ಲಿ ಆ ದಿನ ತಕ್ಕಡಿಯನ್ನು ಹೇಗೆ ಹಿಡಿದರೋ ನಾನು ನೋಡಲಿಲ್ಲ, ಆದ್ದರಿಂದ ಹೇಳುವುದಿಲ್ಲ.

ಸಂಬಂಧ ಮುರಿಯಿತು, ಅದೂ ನಮ್ಮ ಊರಿನ ಮರ್ಯಾದೆಗೆ ತಕ್ಕ ಹಾಗೆ. ಇಂಥ ಸಂದರ್ಭದಲ್ಲಿ ಯಾರ ಗುಣಕ್ಕೂ ಮಸಿ ತಾಗದಂತೆ ತಪ್ಪನ್ನು ನಕ್ಷತ್ರಗಳ ಮೇಲೆ ಹೊರಿಸುವುದು ಪದ್ಧತಿ. ಅವು ದೂರದಲ್ಲಿರುವುದರಿಂದ ಮುನಿಸಿಕೊಳ್ಳುವುದಿಲ್ಲ. ಸಾಲಾವಳಿ ಕೂಡಿಬರಲಿಲ್ಲ ಎಂದು ನಾವು ಹೇಳಿ ಕಳಿಸಿದೆವು, ಅಯ್ಯೋ ಪಾಪ ಎಂದು ಅವರೂ ಹೇಳಿ ಕಳಿಸಿದರು. ಆಮೇಲೆ ಊರು ಗೌರಕ್ಕನಿಗೆ ಗುಣವಾಚಕಗಳನ್ನು ತೊಡಿಸಲು ಶುರುಮಾಡಿತು. ಜಂಭದವಳು, ಗಯ್ಯಾಳಿ, ಗಂಡಿನ ಅಳತೆ ತೆಗೆಯುವವಳು. ಹೇಳಿದವರಲ್ಲಿ ಅವಳ ಮುಖ ಕಂಡವರು ಕಡಿಮೆ. ಗಂಡುಗಳಿರುವ ಮನೆಯವರು ಮಂಡಿ ಮೊಹಲ್ಲಾವನ್ನು ಬಳಸಿಕೊಂಡು ಹೋಗತೊಡಗಿದರು. ದಸರೆ ಬಂದು ಹೋಯಿತು, ಇನ್ನೊಂದು ದಸರೆಯೂ ಬಂದು ಹೋಯಿತು. ಅಪ್ಪಾಜಿ ಮಾವನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು; ಅವ್ವ ತಮ್ಮನ ಎಲೆಗೆ ಮೊದಲಿಗಿಂತ ಒಂದು ಮಿಳ್ಳೆ ಹೆಚ್ಚು ತುಪ್ಪ ಹಾಕುವುದನ್ನು ಹಿಡಿದಳು. ಸರಳಿಯ ಪಾಠ ನಿಂತುಹೋಯಿತು. ಮಾವ ಕರಿಹಲಗೆ ಒರೆಸಿ ಮತ್ತೆ ಬೀಜಗಣಿತಕ್ಕೆ ಹಿಂದಿರುಗಿದರು. ಅವರ ಭಾಷೆಯಲ್ಲಿ ಹೇಳಬೇಕಾದ ಮಾತು ಬಹುಶಃ ಅಷ್ಟೇ ಇತ್ತು, ಅದನ್ನು ಅವರು ಕನ್ನಡದಲ್ಲಿ ಹೇಳಿ ಮುಗಿಸಿದ್ದರು.

ಗೌರಕ್ಕ ಕೊರಗಲಿಲ್ಲ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದವಳು. ಅವಳು ಕೊರಗಿದಳು. ಮದುವೆಯಾದ ಗೆಳತಿಯರು ತವರಿಗೆ ಬಂದಾಗ ಹಿತ್ತಿಲಿನಲ್ಲಿ ಕೆಲಸ ಹುಡುಕಿಕೊಂಡಳು. ಒಮ್ಮೆ ನಾನು, ಆ ದಿನ ಬಾಯಿ ಮುಚ್ಚಿಕೊಂಡಿದ್ದರೆ ಮದುವೆ ಆಗುತ್ತಿತ್ತಾ ಎಂದು ಕೇಳಿದೆ. ಆಗುತ್ತಿತ್ತು ಎಂದಳು.

ಎರಡನೆಯ ದಸರೆಯ ನಂತರದ ಸಂಕ್ರಾಂತಿ ಕಳೆದಮೇಲೆ, ಒಂದು ಬೆಳಿಗ್ಗೆ, ಬಹಳ ದಿನಗಳಿಂದ ನಮ್ಮ ಮನೆಗೆ ಕಾಲಿಡದಿದ್ದ ದಾಕ್ಷಾಯಣತ್ತೆ ಬಂದಳು. ಟಿ. ನರಸೀಪುರದ ಕಡೆ ಒಬ್ಬ ಹುಡುಗ ಇದ್ದಾನೆ, ನೇಯ್ಗೆಯ ಮಗ್ಗಗಳನ್ನು ರಿಪೇರಿ ಮಾಡುತ್ತಾನೆ ಎಂದಳು. ಅಪ್ಪಾಜಿ ಪತ್ರಿಕೆ ಮಡಚಿದರು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದಳು. ಮಾವ ತಮ್ಮ ಕೋಣೆಯಲ್ಲೇ ಸೀಮೆಸುಣ್ಣ ನಿಲ್ಲಿಸಿದ್ದು ನನಗೆ ಕೇಳಿಸಿತು. ಹುಡುಗ ಹೇಗೆ ಎಂದು ಅಪ್ಪಾಜಿ ಕೇಳಿದರು. ಅತ್ತೆ ಎಲೆಯ ಚೀಲಕ್ಕೆ ಕೈ ಹಾಕಲಿಲ್ಲ. ಅಣ್ಣನಿಗೆ ಉತ್ತರವನ್ನೂ ಕೊಡಲಿಲ್ಲ. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಗೌರಕ್ಕನ ಕಡೆ ತಿರುಗಿದಳು.

“ಎಂಗವ್ನೋ ನಂಗೊತ್ತಿಲ್ಲ ಕಣೇ ಗೌರಿ. ಬಸ್ಸಿಗೆ ಇನ್ನೂ ಹೊತ್ತೈತೆ. ಸೀರೆ ಉಟ್ಕೋ, ನೋಡ್ಕಂಡ್ ಬರೋಣ.”